ಅಟ್ಟದ ಮೇಲಿನ ಗಾಂಧಾರಿ

ಗಂಗೂಬಾಯಿ ಹಾನಗಲ್ ಎಂದೊಡನೆ ನಮಗೆಲ್ಲ ನೆನಪಾಗುವುದು ಒಂದು ಗಂಭೀರವಾದ, ತುಂಬಿದ, ಹೆಚ್ಚುಕಡಿಮೆ ಗಂಡುದನಿ. ಕಣ್ಣು ಮುಚ್ಚಿಕೊಂಡು ಕೇಳಿದರೆ ಯಾರೋ ಹಿರಿಯ ಉಸ್ತಾದರೇ ಹಾಡುತ್ತಿದ್ದಾರೆಂದು ಭ್ರಮೆಯಾಗಬೇಕು. ಆದರೆ ನಮ್ಮ ಅಜ್ಜಿ ಮಾತ್ರ ಇದನ್ನು ಒಪ್ಪುತ್ತಿರಲಿಲ್ಲ. “ಆಕಿ ದನಿ ಹಿಂಗ ಇರಲಿಲ್ಲೋ ತಮ್ಮಾ. ಬೆಳ್ಳಿ ತಂತಿ ಎಳದಂಗ ಇತ್ತು. ನಮ್ಮ ಪ್ಲೇಟಿನ್ಯಾಗ ಕೇಳೀನಿ” ಎನ್ನುತ್ತಿದ್ದರು. ವಯಸ್ಸಾದವರು, ಯಾರದೋ ಹಾಡನ್ನು ಯಾರದೋ ಹೆಸರಿಗೆ ಕಟ್ಟುತ್ತಿದ್ದಾರೆಂದು ನಾವು ನಕ್ಕು ಸುಮ್ಮನಾಗುತ್ತಿದ್ದೆವು.

ಅಜ್ಜಿಯ ಮಾತೇ ನಿಜವೆಂದು ನನಗೆ ತಿಳಿಯಲು ಇಪ್ಪತ್ತೈದು ವರ್ಷ ಬೇಕಾಯಿತು. ಅದನ್ನು ಆಗಲೇ ಸಿದ್ಧಮಾಡಿ ತೋರಿಸಬಹುದಾಗಿದ್ದ ಪ್ಲೇಟನ್ನು ಒಡೆದ ಪುಣ್ಯಾತ್ಮನಾದರೋ ಬೇರೆ ಯಾರೂ ಅಲ್ಲ, ನಾನೇ.

ಧಾರವಾಡದ ನಮ್ಮ ಹಳೆಯ ಮನೆಯ ಅಟ್ಟದ ಮೇಲೆ ಒಂದು ತಗಡಿನ ಪೆಟ್ಟಿಗೆಯಿತ್ತು. ಅದರೊಳಗೆ ಹಳೆಯ ಧೋತರದ ತುಂಡಿನಲ್ಲಿ ಸುತ್ತಿಟ್ಟ ಏಳು ಗ್ರಾಮಾಫೋನು ಪ್ಲೇಟುಗಳು. ಅಜ್ಜಿ ಲಗ್ನವಾಗಿ ಹುಬ್ಬಳ್ಳಿಯಿಂದ ಬರುವಾಗ ತವರಿನಿಂದ ತಂದ ಸಾಮಾನಿನಲ್ಲಿ ಅವೂ ಸೇರಿದ್ದವು. ಯಂತ್ರ ಎಂದೋ ಕೆಟ್ಟು ಗುಜರಿಗೆ ಹೋಗಿತ್ತು. ಪ್ಲೇಟುಗಳು ಮಾತ್ರ ಉಳಿದಿದ್ದವು. ನನಗಾಗ ಎಂಟು ವರ್ಷ. ಟಿ.ವಿ.ಯಲ್ಲಿ ಕೃಷ್ಣನ ಧಾರಾವಾಹಿ ಬರುತ್ತಿದ್ದ ಕಾಲ. ಬೆರಳ ತುದಿಯಲ್ಲಿ ತಿರುಗುವ ಸುದರ್ಶನ ಚಕ್ರಕ್ಕೆ ಮರುಳಾದ ನಾವು ನಾಲ್ವರು ಹುಡುಗರು ಒಂದು ಬೇಸಗೆಯ ಮಧ್ಯಾಹ್ನ, ಹಿರಿಯರೆಲ್ಲ ಮಲಗಿದ್ದಾಗ, ನಡುವೆ ತೂತಿದ್ದ ಆ ಕರಿಯ ಚಕ್ರಗಳನ್ನು ಹಿತ್ತಲಿಗೆ ಒಯ್ದೆವು. ಶಿಶುಪಾಲನ ಪಾತ್ರಕ್ಕೆ ಹುಣಸೆಮರ ಸಿಕ್ಕಿತು. ಅರ್ಧ ಗಂಟೆಯೊಳಗೆ ಏಳೂ ಚೂರುಚೂರು! ಅಪ್ಪ ಬೆನ್ನಿಗೆ ಎರಡೇಟು ಹಾಕಿದರು. ಅಜ್ಜಿ ಏನೂ ಅನ್ನಲಿಲ್ಲ. ಮಕ್ಕಳ ಕಾಲಿಗೆ ಚುಚ್ಚೀತೆಂದು ಚೂರುಗಳನ್ನು ಸೆರಗಿನಲ್ಲಿ ಆರಿಸಿಕೊಂಡು ದೂರದ ತಿಪ್ಪೆಗೆ ಹಾಕಿ ಬಂದರು. ಅದರ ಸಲುವಾಗಿ ಅವರು ನನ್ನನ್ನು ಇಂದಿಗೂ ಒಂದು ಮಾತು ಆಡಿದವರಲ್ಲ.

ಅಜ್ಜ ತೀರಿಕೊಂಡ ಮೇಲೆ ಧಾರವಾಡದ ಮನೆಗೆ ಬೀಗ ಹಾಕಿ ಅಜ್ಜಿ ನಮ್ಮ ಸಂಗಡ ದಿಲ್ಲಿಗೆ ಬಂದರು. ಈಗ ಅವರಿಗೆ ಎಂಬತ್ತಾರು. ಎಡಗಿವಿ ಪೂರ್ತಿಯಾಗಿ ಹೋಗಿದೆ. ಬಲಗಿವಿಯೂ ವರ್ಷದಿಂದ ವರ್ಷಕ್ಕೆ ಮಂದವಾಗುತ್ತಿದೆ. ಯಂತ್ರ ಹಾಕಿದರೂ ಇನ್ನು ಬಹಳ ಕಾಲ ಕೇಳಿಸಲಿಕ್ಕಿಲ್ಲವೆಂದು ಹೋದ ವರ್ಷ ವೈದ್ಯರು ಹೇಳಿದಾಗ, ನನ್ನ ಹಳೆಯ ಸಾಲಕ್ಕೆ ವಾಯಿದೆ ತೀರುತ್ತ ಬಂದಿದೆಯೆಂಬುದು ನನಗೆ ಹೊಳೆಯಿತು. ಹೇಗಾದರೂ ಮಾಡಿ ಆ ‘ಬೆಳ್ಳಿ ತಂತಿ’ಯ ದನಿಯನ್ನು ಅವರಿಗೆ ಇನ್ನೊಮ್ಮೆ ಕೇಳಿಸಬೇಕು. ಹೀಗೆ ನಾನು ಹಳೆಯ ಪ್ಲೇಟುಗಳ ಬೆನ್ನು ಹತ್ತಿದೆ.

ಮೊದಲು ಅಜ್ಜಿಯ ಮಾತಿನ ಸತ್ಯಾಸತ್ಯತೆಯನ್ನು ನೋಡೋಣ. ಗಂಗೂಬಾಯಿಯವರು ಹುಟ್ಟಿದ್ದು 1913ರ ಮಾರ್ಚ್ 5ರಂದು, ಧಾರವಾಡದಲ್ಲಿ. ತಾಯಿ ಅಂಬಾಬಾಯಿಯವರು ಕರ್ನಾಟಕ ಸಂಗೀತ ಬಲ್ಲವರು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿಯವರ ಎದುರಿಗೆ ಸ್ವಾಗತಗೀತ ಹಾಡಿದ ಬಾಲಕಿಯರಲ್ಲಿ ಅವರೂ ಒಬ್ಬರು. ಹಾಡಿ ಮುಗಿಸಿದ ಸಂತೋಷಕ್ಕಿಂತ, ತಮ್ಮ ಜಾತಿಯ ಕಾರಣದಿಂದ ಎಲ್ಲಿ ಉಂಡ ಎಲೆ ಬಳಿಯಲು ಹಚ್ಚುತ್ತಾರೋ ಎಂಬ ಅಂಜಿಕೆಯೇ ಅಂದು ದೊಡ್ಡದಾಗಿತ್ತೆಂದು ಅವರು ಮುಂದೆ ಹೇಳಿಕೊಂಡಿದ್ದಾರೆ. ಆ ಮೇಲೆ ಕುಂದಗೋಳದ ಸವಾಯಿ ಗಂಧರ್ವರಲ್ಲಿ ಕಿರಾಣಾ ಘರಾಣೆಯ ಶಿಕ್ಷಣ. ಅದಕ್ಕಾಗಿ ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿ ಬರುವುದು. 1930ರ ದಶಕದ ಮೊದಲಲ್ಲಿ ಎಚ್.ಎಂ.ವಿ. ಕಂಪನಿ ಅವರ ಹಾಡುಗಳನ್ನು ಮುದ್ರಿಸಿಕೊಂಡಿತು. ಆ ಪ್ಲೇಟುಗಳ ಮೇಲೆ ಅಚ್ಚಾದ ಹೆಸರು ಗಂಗೂಬಾಯಿ ಎಂದಲ್ಲ, ‘ಗಾಂಧಾರಿ’ ಎಂದು. ಜಿ. ಎನ್. ಜೋಶಿಯವರ ಜೊತೆ ಮರಾಠಿ ಯುಗಳಗೀತವನ್ನೂ ಅವರು ಈ ಹೆಸರಿನಲ್ಲಿಯೇ ಹಾಡಿದರು. ಆಗಿನ ದನಿ ತೆಳುವಾದ, ಮಧುರವಾದ, ಮೇಲಿನ ಸ್ವರಗಳಲ್ಲಿ ಸಲೀಸಾಗಿ ಆಡುವ ಹೆಣ್ಣುದನಿ.

1940ರ ದಶಕದಲ್ಲಿ ಗಂಟಲ ಗ್ರಂಥಿಗಳ ತೊಂದರೆಗೆ ಚಿಕಿತ್ಸೆಯಾಯಿತು. ಅಲ್ಲಿಂದ ದನಿ ಇಳಿದು ಗಡುಸಾಯಿತು. ಬೇರೆ ಯಾರಾದರೂ ಆಗಿದ್ದರೆ ತಂಬೂರಿಯನ್ನು ಮೂಲೆಗಿಡುತ್ತಿದ್ದರೇನೋ. ಅವರು ಆ ಹೊಸ ದನಿಯನ್ನೇ ಪಳಗಿಸಿ, ಅದರಲ್ಲಿಯೇ ಕೀರ್ತಿ ಗಳಿಸಿದರು. 1971ರಲ್ಲಿ ಪದ್ಮಭೂಷಣ, 1973ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ, 2002ರಲ್ಲಿ ಪದ್ಮವಿಭೂಷಣ. 2009ರ ಜುಲೈ 21ರಂದು ಹುಬ್ಬಳ್ಳಿಯಲ್ಲಿ ತೀರಿಕೊಂಡರು. ನಾವು ರೇಡಿಯೋದಲ್ಲಿ ಕೇಳಿದ್ದು ಈ ಎರಡನೆಯ ದನಿಯನ್ನು. ಮೊದಲನೆಯ ದನಿ ಉಳಿದಿರುವುದು ಆ ಕೆಲವು ಕರಿಯ ಪ್ಲೇಟುಗಳಲ್ಲಿ ಮಾತ್ರ. ಅಜ್ಜಿ ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ!

ಈ ಪ್ಲೇಟುಗಳ ಚರಿತ್ರೆಯನ್ನು ಓದುತ್ತ ಹೋದ ಹಾಗೆ ನನಗೆ ಇನ್ನೊಂದು ಸಂಗತಿ ಕಂಡುಬಂದಿತು. ನಮ್ಮ ದೇಶದಲ್ಲಿ ಗ್ರಾಮಾಫೋನಿಗೆ ಮೊದಲು ಕಂಠ ಕೊಟ್ಟವರು ಹೆಚ್ಚಾಗಿ ಹೆಂಗಸರು. 1902ರಲ್ಲಿ ಫ್ರೆಡ್ ಗೈಸ್‌ಬರ್ಗ್ ಎಂಬಾತ ಲಂಡನ್ನಿನ ಕಂಪನಿಯ ಪರವಾಗಿ ಕಲಕತ್ತೆಗೆ ಬಂದಾಗ, ದೊಡ್ಡ ದೊಡ್ಡ ಉಸ್ತಾದರನೇಕರು ಆ ತುತ್ತೂರಿಯ ಮುಂದೆ ಕೂಡಲು ಹಿಂದೆಗೆದರು. ಗಂಟೆಗಟ್ಟಲೆ ಬೆಳೆಸುವ ರಾಗವನ್ನು ಮೂರು ನಿಮಿಷದಲ್ಲಿ ಕಟ್ಟಿಹಾಕುವುದೇ? ಧೈರ್ಯವಾಗಿ ಮುಂದೆ ಬಂದವರು ವೃತ್ತಿಗಾಯಕಿಯರು. ಅವರಲ್ಲಿ ಹೆಸರಾದವರು ಗೌಹರ್ ಜಾನ್. ಮುದ್ರಣದ ಅಚ್ಚುಗಳು ಹಡಗಿನಲ್ಲಿ ಜರ್ಮನಿಯ ಹ್ಯಾನೋವರಿಗೆ ಹೋಗಿ ಅಲ್ಲಿ ಪ್ಲೇಟುಗಳಾಗಬೇಕಿತ್ತು. ಯಾರ ಹಾಡೆಂದು ಅಲ್ಲಿನವರಿಗೆ ಗೊತ್ತಾಗಲಿ ಎಂದು, ಹಾಡು ಮುಗಿದೊಡನೆ ಗಾಯಕಿ ತನ್ನ ಹೆಸರನ್ನು ಗಟ್ಟಿಯಾಗಿ ಹೇಳುವ ರೂಢಿ ಬಂದಿತು. ಗೌಹರ್ ಜಾನ್ ಇಂಗ್ಲೀಷಿನಲ್ಲಿ ‘ನನ್ನ ಹೆಸರು ಗೌಹರ್ ಜಾನ್’ ಎಂದು ಠೀವಿಯಿಂದ ಸಾರಿ ಮುಗಿಸುವುದನ್ನು ಇಂದಿಗೂ ಆ ಪ್ಲೇಟುಗಳಲ್ಲಿ ಕೇಳಬಹುದು.

ಈ ಗೌಹರ್ ಜಾನರಿಗೂ ನಮಗೂ ಒಂದು ನಂಟುಂಟು. 1911ರ ದಿಲ್ಲಿ ದರಬಾರಿನಲ್ಲಿ ಹಾಡಿದ ಅವರು, ಭಾಗ್ಯವೆಲ್ಲ ಕರಗಿದ ಮೇಲೆ 1928ರಲ್ಲಿ ಮೈಸೂರಿಗೆ ಬಂದು ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನದ ಆಶ್ರಯ ಪಡೆದರು. 1930ರ ಜನವರಿ 17ರಂದು ಮೈಸೂರಿನಲ್ಲಿಯೇ ಅವರ ದೇಹಾಂತ್ಯವಾಯಿತು. ನಾವು ಹೊಟ್ಟೆಪಾಡಿಗೆ ದಕ್ಷಿಣದಿಂದ ದಿಲ್ಲಿಗೆ ಬಂದೆವು, ಅವರು ಉತ್ತರದಿಂದ ನಮ್ಮ ನಾಡಿಗೆ ಹೋದರು. ದೇಶದಲ್ಲೆಲ್ಲ ಮನೆಮಾತಾಗಿದ್ದ ಆಕೆಯನ್ನು ಜನ ಹೆಚ್ಚುಕಡಿಮೆ ಮರೆತೇ ಬಿಟ್ಟಿದ್ದರು. ವಿಕ್ರಂ ಸಂಪತ್ ಅವರಿಗೆ ಮೈಸೂರು ಅರಮನೆಯ ಹಳೆಯ ಕಡತಗಳಲ್ಲಿ ಆಕೆಯ ಸುಳಿವು ಸಿಕ್ಕಿ, 2010ರಲ್ಲಿ ಆಕೆಯ ಜೀವನಚರಿತ್ರೆ ಹೊರಬಂದಿತು. ಕಡತಗಳಲ್ಲಿ ದಿನವಿಡೀ ತಲೆ ಹುದುಗಿಸುವ ನನ್ನಂಥವನಿಗೆ ಈ ಸಂಗತಿ ಬಹಳ ಹಿತವೆನಿಸಿತು. ಕಡತದಲ್ಲಿ ಸರಿಯಾಗಿ ಇಟ್ಟದ್ದು ಎಂದಾದರೊಂದು ದಿನ ಎದ್ದು ಬರುತ್ತದೆ!

ಇನ್ನೊಬ್ಬರು ನಮ್ಮ ಬೀಳಗಿಯ ಅಮೀರಬಾಯಿ ಕರ್ನಾಟಕಿ. ಮುಂಬಯಿಗೆ ಹೋಗಿ ಹಿಂದೀ ಚಿತ್ರಗಳಲ್ಲಿ ಹಾಡಿ ನಟಿಸಿದವರು. 1943ರಲ್ಲಿ ಬಂದ ‘ಕಿಸ್ಮತ್’ ಕಲಕತ್ತೆಯ ಒಂದೇ ಚಿತ್ರಮಂದಿರದಲ್ಲಿ ಮೂರು ವರ್ಷಕ್ಕೂ ಮೇಲ್ಪಟ್ಟು ನಡೆಯಿತು. ಅದರ ಹಾಡುಗಳ ಮುಖ್ಯ ಕಂಠ ಅವರದೇ. ಹುಟ್ಟೂರು ದೂರವಾದರೂ ‘ಕರ್ನಾಟಕಿ’ ಎಂಬುದನ್ನು ಹೆಸರಿನ ಜೊತೆಗೇ ಕಟ್ಟಿಕೊಂಡು ತಿರುಗಿದರು. 1965ರಲ್ಲಿ ತೀರಿಕೊಂಡರು. ರಹಮತ್ ತರೀಕೆರೆಯವರು ಅವರನ್ನು ಕುರಿತು ಕನ್ನಡದಲ್ಲಿ ಪುಸ್ತಕ ಬರೆಯುವವರೆಗೆ, ಆ ಚಿತ್ರಗೀತಗಳನ್ನು ಗುನುಗುತ್ತಿದ್ದ ನಮ್ಮಲ್ಲಿ ಎಷ್ಟು ಮಂದಿಗೆ ಅವರು ಕನ್ನಡತಿ ಎಂಬುದು ತಿಳಿದಿತ್ತು? ಇವರ ಅಕ್ಕ ಗೌಹರಬಾಯಿ ಕರ್ನಾಟಕಿಯೂ ಗಾಯಕಿಯೇ. ಗೌಹರ್ ಜಾನ್ ಬೇರೆ, ಗೌಹರಬಾಯಿ ಬೇರೆ. ಹೆಸರಿನ ಸಾಮ್ಯದಿಂದ ಒಬ್ಬರ ಹಾಡು ಇನ್ನೊಬ್ಬರ ಖಾತೆಗೆ ಸೇರುವುದೂ ಉಂಟು.

ಇಂಥವರು ಮರೆಯಾಗಲು ಕಾರಣವೇನು? ಪ್ಲೇಟು ಒಡೆಯುವ ವಸ್ತು ಎಂಬುದೊಂದು ಕಾರಣ. ಬಳೆಗಾರರು ಉಪಯೋಗಿಸುವ ಅರಗೇ ಈ ಪ್ಲೇಟುಗಳಿಗೂ ಆಧಾರ. ಅದರೊಡನೆ ಕಲ್ಲಿನ ಪುಡಿಯನ್ನೂ ಕಾಡಿಗೆಯನ್ನೂ ಬೆರೆಸಿ ಒತ್ತುತ್ತಿದ್ದರು. ಆದ್ದರಿಂದ ಕೈಜಾರಿದರೆ ಬಳೆಯ ಪಾಡೇ ಇದರ ಪಾಡೂ. ಇನ್ನೊಂದು ಕಾರಣ ಜನರ ಮನಸ್ಸಿನದು. ಹಾಡುವ ಹೆಂಗಸೆಂದರೆ ಮರ್ಯಾದಸ್ಥರು ಮುಖ ತಿರುಗಿಸುತ್ತಿದ್ದ ಕಾಲವದು. 1940ರ ದಶಕದಲ್ಲಿ ಆಕಾಶವಾಣಿಯೂ ಖಾಸಗಿ ಬದುಕು ಲೋಕಾಪವಾದಕ್ಕೆ ಗುರಿಯಾದ ಕಲಾವಿದೆಯರಿಗೆ ಬಾಗಿಲು ಮುಚ್ಚಿತ್ತು. ಹಾಡು ಬೇಕು, ಹಾಡಿದವಳು ಬೇಡ! ಪ್ಲೇಟನ್ನು ಮನೆಯೊಳಗೆ ತಂದರು, ಹೆಸರನ್ನು ಮಾತ್ರ ಹೊಸಿಲ ಹೊರಗೆ ಬಿಟ್ಟರು.

ಇದು ನಮ್ಮ ದೇಶದ ಕಥೆ ಮಾತ್ರವೂ ಅಲ್ಲ. ಅಮೇರಿಕದ ಕಪ್ಪು ಜನರಲ್ಲಿ ‘ಸೋಲ್’ ಎಂಬ ಗಾಯನ ಪದ್ಧತಿಯುಂಟು. ಇಗರ್ಜಿಯ ಭಜನೆಯ ಆರ್ತತೆಯನ್ನು ಲೌಕಿಕ ಪದಗಳಿಗೆ ತುಂಬಿ ಹಾಡುವ ರೀತಿ ಅದು. ಅದರಲ್ಲಿ ಬೆಟ್ಟಿ ಲವೆಟ್ ಎಂಬ ಗಾಯಕಿ 1972ರಲ್ಲಿ ಒಂದು ದೊಡ್ಡ ಕಂಪನಿಗಾಗಿ ಇಡೀ ಒಂದು ಆಲ್ಬಮ್ ಹಾಡಿಕೊಟ್ಟರು. ಕಂಪನಿ ಅದನ್ನು ಹೊರತರದೆ ಕಪಾಟಿನಲ್ಲಿಟ್ಟಿತು. ಇಪ್ಪತ್ತೆಂಟು ವರ್ಷಗಳ ಮೇಲೆ, 2000ದಲ್ಲಿ, ಫ್ರಾನ್ಸಿನ ಸಂಗ್ರಾಹಕನೊಬ್ಬ ಅದನ್ನು ಹುಡುಕಿ ತೆಗೆದು ಪ್ರಕಟಿಸಿದ. ಗಾಯಕಿ ಜೀವಂತವಾಗಿದ್ದು, ಆ ಮೇಲೆ ಮತ್ತೆ ಹೆಸರು ಪಡೆದದ್ದು ಆಕೆಯ ಭಾಗ್ಯ. ಎಲ್ಲರಿಗೂ ಆ ಭಾಗ್ಯವಿರುವುದಿಲ್ಲ.

ಇರಲಿ, ನನ್ನ ಹುಡುಕಾಟಕ್ಕೆ ಬರೋಣ. ಗಾಂಧಾರಿಯ ಹಾಡು ಅಂತರ್ಜಾಲದಲ್ಲಿ ಸಿಗುವುದಿಲ್ಲವೇ ಎಂದು ವಾಚಕರು ಕೇಳಬಹುದು. ಕೆಲವು ಸಿಗುತ್ತವೆ. ಮೊಬೈಲಿನಲ್ಲಿ ಅಜ್ಜಿಗೆ ಹಚ್ಚಿಯೂ ನೋಡಿದೆ. ಕಿವಿಯ ಯಂತ್ರ ಕಿರ್ರೆಂದಿತು. “ಡಬ್ಬಿಯೊಳಗ ಇಲಿ ಸಿಕ್ಕಂಗ ಆತು” ಎಂದು ಅಜ್ಜಿ ಅದನ್ನು ತೆಗೆದಿಟ್ಟರು. ಅವರು ಕೇಳಿ ಬೆಳೆದದ್ದು ಕೀಲಿ ಕೊಡುವ ಪೆಟ್ಟಿಗೆಯಲ್ಲಿ. ಅದರ ದನಿ ಕೋಣೆ ತುಂಬುತ್ತದೆ, ಮರವೂ ನಡುಗುತ್ತದೆ.

ಐದು ಭಾನುವಾರ ನಾನು ಮೆಟ್ರೋ ಹತ್ತಿ ಜಾಮಾ ಮಸೀದಿಗೆ ಹೋದೆ. ಅಲ್ಲಿಯ ಮೀನಾ ಬಜಾರದಲ್ಲಿಯೂ ಚಾಂದನಿ ಚೌಕದ ಕಡೆಗೂ ಹಳೆಯ ಪ್ಲೇಟು ಮಾರುವವರಿದ್ದಾರೆ. ನೂರಾರು ಪ್ಲೇಟುಗಳನ್ನು ಒಂದೊಂದಾಗಿ ತಿರುವಿ ನೋಡುವಾಗ ಕೈಯೆಲ್ಲ ಮಸಿಯಾಗುತ್ತದೆ. “ಗಂಗೂಬಾಯಿ ಹಾನಗಲ್ ಇದೆಯೇ?” ಎಂದರೆ ದೊಡ್ಡ ಪ್ಲೇಟುಗಳನ್ನು ತೋರಿಸುವರು. “ಗಾಂಧಾರಿ ಇದೆಯೇ?” ಎಂದರೆ ತಲೆಯಾಡಿಸುವರು. ಐದನೆಯ ಭಾನುವಾರ, ಹೆಸರು ಗೊತ್ತಿಲ್ಲದವರದೆಂದು ಕೆಳಗೆ ಕಟ್ಟಿಟ್ಟಿದ್ದ ಕಂತೆಯಲ್ಲಿ, ನಾಯಿ ಕುಳಿತ ಚಿತ್ರದ ಕೆಳಗೆ, ಅರ್ಧ ಮಾಸಿದ ಆ ಹೆಸರು ಕಂಡಿತು. ಅಂಚಿನಲ್ಲಿ ಕೂದಲೆಳೆಯಂಥ ಸೀಳು. ಮುನ್ನೂರು ರೂಪಾಯಿ ಎಂದರು, ಚೌಕಾಶಿ ಮಾಡದೆ ಕೊಟ್ಟೆ. ಕೊಟ್ಟ ಮೇಲೆ ಮನಸ್ಸು ತಡೆಯದೆ, ಈ ಗಾಂಧಾರಿಯೇ ಮುಂದೆ ಗಂಗೂಬಾಯಿಯಾದಳೆಂದು ಅಂಗಡಿಯ ಮಿಯಾಸಾಹೇಬರಿಗೆ ಹೇಳಿದೆ. ಅವರು ನಕ್ಕು, “ಮೊದಲೇ ಹೇಳಿದ್ದರೆ ಮೂರು ಸಾವಿರ ಕೇಳುತ್ತಿದ್ದೆ ಬಾಬೂಜಿ. ಹೋಗಲಿ, ಉಳಿದ ಕಂತೆಯನ್ನು ನಾಳೆ ನಾನೇ ಇನ್ನೊಮ್ಮೆ ನೋಡುವೆ” ಎಂದರು.

ಪ್ಲೇಟು ಬಂದಿತು, ಪೆಟ್ಟಿಗೆ? ಕರೋಲ್‌ಬಾಗಿನಲ್ಲಿ ಮೂರು ತಲೆಮಾರಿನಿಂದ ನೆಲೆಸಿದ ನಮ್ಮ ಕನ್ನಡದ ಹಿರಿಯರೊಬ್ಬರು ತಮ್ಮ ತಂದೆಯ ಕಾಲದ ಕೀಲಿಯ ಗ್ರಾಮಾಫೋನನ್ನು ಆಟೋದಲ್ಲಿ, ತೊಡೆಯ ಮೇಲಿಟ್ಟುಕೊಂಡು, ನಮ್ಮ ಮನೆಗೆ ತಂದರು. ಸೂಜಿ ಹೊಸದು ಹಾಕಿದರು. ಅಜ್ಜಿಯನ್ನು ಪೆಟ್ಟಿಗೆಯ ಪಕ್ಕಕ್ಕೆ, ಬಲಗಿವಿ ಅದರ ಕಡೆಗಿರುವಂತೆ ಕೂಡಿಸಿದೆವು. ಅಜ್ಜಿ ಏನನ್ನಿಸಿತೋ, ಅಂಗೈಯನ್ನು ಪೆಟ್ಟಿಗೆಯ ಮೇಲೆ ಊರಿದರು.

ಕರಕರ ಸಪ್ಪಳದೊಳಗಿಂದ ದನಿ ಎದ್ದಿತು. ಸೀಳಿನ ಮೇಲೆ ಸೂಜಿ ಹಾಯ್ದಾಗಲೆಲ್ಲ ಟಿಕ್ ಟಿಕ್ ಎಂದು ತಾಳ ಹಾಕಿದಂತಾಗುತ್ತಿತ್ತು. ಮೂರು ನಿಮಿಷ ಯಾರೂ ಮಾತಾಡಲಿಲ್ಲ. ಮುಗಿದ ಮೇಲೆ ಅಜ್ಜಿ, “ಆ ಹಾಡು ಇದಲ್ಲ” ಎಂದರು. ನನ್ನ ಮುಖ ಬಾಡಿದ್ದನ್ನು ಕಂಡು, “ಆದ್ರ ದನಿ ಅದ. ಆಕಿನ ಖರೇ” ಎಂದರು.

ಆ ಮೇಲೆ ಅವರು ಹೇಳಿದ್ದು ನಾವು ಯಾರೂ ಕೇಳಿರದ ಕಥೆ. ಅಜ್ಜಿಯ ತವರಿನಲ್ಲಿ ಹೆಣ್ಣುಮಕ್ಕಳು ಆರತಿಯ ಪದ, ಬೀಸುವ ಪದ ಬಿಟ್ಟು ಬೇರೆ ಹಾಡಕೂಡದು. ಪ್ಲೇಟು ಹಚ್ಚುವುದೂ ಗಂಡಸರು ಮನೆಯಲ್ಲಿದ್ದಾಗ ಮಾತ್ರ. ಆದರೆ ಗಂಡಸರು ಅಂಗಡಿಗೆ ಹೋದ ಮೇಲೆ ಅಜ್ಜಿಯ ತಾಯಿ ಕದ ಮುಂದೆ ಮಾಡಿ, ಪೆಟ್ಟಿಗೆಗೆ ಕೀಲಿ ಕೊಟ್ಟು, ಗಾಂಧಾರಿಯ ಪ್ಲೇಟು ಹಚ್ಚುತ್ತಿದ್ದರಂತೆ. ದಿನಕ್ಕೆ ಒಂದೇ ಬಾರಿ. ಸೂಜಿಗಳ ಲೆಕ್ಕ ಹತ್ತಬಾರದಲ್ಲ! ಹಾಗೆ ಕೇಳಿ ಕೇಳಿಯೇ ಹಾಡನ್ನು ಪೂರ್ತಿ ಕಲಿತು, ರೊಟ್ಟಿ ಬಡಿಯುವಾಗ ಸಣ್ಣಗೆ ಹಾಡುತ್ತಿದ್ದರಂತೆ. ಮಗಳ ಲಗ್ನವಾದಾಗ, “ನಾ ಇನ್ನ ಕೇಳೂದು ಸಾಕು, ನೀ ಒಯ್ಯಿ” ಎಂದು ಪ್ಲೇಟುಗಳನ್ನು ಕಟ್ಟಿಕೊಟ್ಟರಂತೆ. ನಾನು ಹುಣಸೆಮರಕ್ಕೆ ಎಸೆದದ್ದು ಅವನ್ನು.

“ಆ ಹಾಡು ನೆನಪದ ಏನಜ್ಜಿ?” ಎಂದು ಕೇಳಿದೆ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, ನಡುಗುವ ದನಿಯಲ್ಲಿ ಹಾಡಿದರು. ಅರ್ಧಕ್ಕೆ ಮಾತುಗಳು ಮರೆತವು, ರಾಗ ಮರೆಯಲಿಲ್ಲ. ನನ್ನ ಹೆಂಡತಿ ಸಮಯಕ್ಕೆ ಸರಿಯಾಗಿ ಮೊಬೈಲನ್ನು ಹಚ್ಚಿದ್ದಳು. ಹಾಡು ನಿಂತ ಮೇಲೆ, ಗೌಹರ್ ಜಾನರ ರೂಢಿ ನೆನಪಾಗಿ, “ಅಜ್ಜೀ, ಈಗ ನಿಮ್ಮ ಹೆಸರು ಹೇಳ್ರಿ” ಎಂದೆ. ಅಜ್ಜಿ ತಮ್ಮ ಹೆಸರನ್ನಲ್ಲ, ತಮ್ಮ ತಾಯಿಯ ಹೆಸರನ್ನು ಹೇಳಿದರು. ಮುತ್ತಜ್ಜಿಯ ಹೆಸರು ಅಂದಿನವರೆಗೆ ನನಗೆ ಗೊತ್ತಿರಲಿಲ್ಲವೆಂದು ಬರೆಯಲು ನಾಚಿಕೆಯಾಗುತ್ತದೆ.

ಇದನ್ನೆಲ್ಲ ಇಲ್ಲಿ ಹೇಳಿದ್ದಕ್ಕೆ ಕಾರಣವುಂಟು. ದಿಲ್ಲಿಯ ನಮ್ಮ ಸಂಸಾರಗಳು ವರ್ಗವಾದಾಗಲೆಲ್ಲ, ಮನೆ ಬದಲಿಸಿದಾಗಲೆಲ್ಲ ಸಾಮಾನು ಹಗುರ ಮಾಡಿಕೊಳ್ಳುತ್ತವೆ. ಹಾಗೆ ಹಗುರವಾಗುವುದರಲ್ಲಿ ಇಂಥ ಪೆಟ್ಟಿಗೆಗಳೇ ಮೊದಲು. ನಿಮ್ಮ ಮನೆಯಲ್ಲಾಗಲಿ, ಊರಿನ ಅಟ್ಟದಲ್ಲಾಗಲಿ ಪ್ಲೇಟುಗಳಿದ್ದರೆ ಗುಜರಿಯವನಿಗೆ ಕೊಡಬೇಡಿ. ಸ್ಪಿರಿಟಿನಿಂದ ಒರೆಸಬೇಡಿ, ಅರಗು ಕರಗುತ್ತದೆ. ಶುದ್ಧ ನೀರಿಗೆ ಎರಡು ಹನಿ ಮೆದು ಸೋಪು ಹಾಕಿ, ನಡುವಿನ ಚೀಟಿ ನೆನೆಯದ ಹಾಗೆ, ಗೆರೆಗಳ ಜಾಡಿನಲ್ಲಿಯೇ ಮೆತ್ತಗಿನ ಬಟ್ಟೆಯಿಂದ ಒರೆಸಿರಿ. ಒಂದರ ಮೇಲೊಂದು ಪೇರಿಸದೆ, ಕಾಗದದ ಚೀಲದಲ್ಲಿ ನೆಟ್ಟಗೆ ನಿಲ್ಲಿಸಿರಿ. ದಿಲ್ಲಿಯ ಮೇ ತಿಂಗಳ ಬಿಸಿಲಿನಿಂದ ದೂರವಿಡಿರಿ. ಉಕ್ಕಿನ ಸೂಜಿಯನ್ನು ಪ್ರತಿ ಮಗ್ಗುಲಿಗೂ ಬದಲಿಸಬೇಕು. ಈಗಿನ ವಿದ್ಯುತ್ ಯಂತ್ರದಲ್ಲಿ ಹಚ್ಚುವುದಾದರೆ ನಿಮಿಷಕ್ಕೆ 78 ಸುತ್ತಿನ ವೇಗವೂ ಅಗಲವಾದ ಬೇರೆ ಸೂಜಿಯೂ ಬೇಕು. ಚೀಟಿಯ ಮೇಲಿನ ಹೆಸರನ್ನೂ, ಒಳ ಅಂಚಿನಲ್ಲಿ ಕೊರೆದ ಸಂಖ್ಯೆಯನ್ನೂ ಬರೆದಿಡಿರಿ. ಹೆಸರು ಮಾಸಿದರೂ ಸಂಖ್ಯೆಯಿಂದ ಗುರುತು ಹತ್ತುತ್ತದೆ.

ಹಳೆಯ ಸಂಗೀತವನ್ನು ಕಾಪಾಡುವ ಸ್ಥಳಗಳು ನಮ್ಮ ಹತ್ತಿರದಲ್ಲಿಯೇ ಇವೆ. ಗುರುಗ್ರಾಮದಲ್ಲಿ ಅಮೇರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್ ಸಂಸ್ಥೆಯವರು 1982ರಲ್ಲಿ ಆರಂಭಿಸಿದ ಸಂಗೀತ ದಾಖಲೆಯ ಕೇಂದ್ರವಿದೆ. ಮಂಡಿ ಹೌಸಿನ ಬಳಿ ರವೀಂದ್ರ ಭವನದಲ್ಲಿ ಸಂಗೀತ ನಾಟಕ ಅಕಾಡೆಮಿಯ ಸಂಗ್ರಹವಿದೆ. ನಮ್ಮ ದೇಶದ ಕಾನೂನಿನಂತೆ ಧ್ವನಿಮುದ್ರಣದ ಹಕ್ಕು, ಅದು ಪ್ರಕಟವಾದ ಮರುವರ್ಷದಿಂದ ಎಣಿಸಿ 60 ವರ್ಷ ಮಾತ್ರ. ಗಾಂಧಾರಿಯ ಕಾಲದ ಮುದ್ರಣಗಳನ್ನು ಪ್ರತಿಮಾಡಿ ಹಂಚಲು ಮುದ್ರಣದ ಹಕ್ಕು ಅಡ್ಡಿಯಾಗುವುದಿಲ್ಲ. ಹಾಡಿನ ಸಾಹಿತ್ಯದ ಹಕ್ಕು ಮಾತ್ರ ಬೇರೆ, ಅದನ್ನು ವಿಚಾರಿಸಿಕೊಳ್ಳಬೇಕು.

ಆದರೆ ಸಂಸ್ಥೆಗಳು ಪ್ಲೇಟನ್ನು ಕಾಪಾಡಬಲ್ಲವು, ರೊಟ್ಟಿ ಬಡಿಯುತ್ತ ಹಾಡಿದವರನ್ನು ಕಾಪಾಡಲಾರವು. ಆ ಕೆಲಸ ನಮ್ಮದು. ಮನೆಯಲ್ಲಿ ಅಜ್ಜಿಯೋ ಅತ್ತೆಯೋ ಇದ್ದರೆ ಈ ಭಾನುವಾರವೇ ಅವರ ಪಕ್ಕದಲ್ಲಿ ಕುಳಿತು ಒಂದು ಹಾಡು ಹಾಡಿಸಿರಿ. ಮುಗಿದ ಮೇಲೆ ಹೆಸರು ಹೇಳಿಸುವುದನ್ನು ಮರೆಯಬೇಡಿ.

ನಮ್ಮ ಅಜ್ಜಿಗೆ ಈಗ ಗ್ರಾಮಾಫೋನೂ ಸರಿಯಾಗಿ ಕೇಳಿಸುವುದಿಲ್ಲ. ಆದರೂ ಹಿರಿಯರು ಪೆಟ್ಟಿಗೆಯನ್ನು ನಮ್ಮಲ್ಲಿಯೇ ಬಿಟ್ಟಿದ್ದಾರೆ. ಸಂಜೆ ನಾನು ಕಚೇರಿಯಿಂದ ಬಂದ ಮೇಲೆ ದಿನಕ್ಕೆ ಒಂದೇ ಬಾರಿ ಹಚ್ಚುತ್ತೇವೆ. ಅಜ್ಜಿ ಅಂಗೈ ಊರಿಕೊಂಡು ಕೂಡುತ್ತಾರೆ. ಎಂಟು ವರ್ಷದ ನನ್ನ ಮಗನಿಗೆ ಪ್ಲೇಟನ್ನು ಎರಡು ಕೈಯಲ್ಲಿ ಅಂಚು ಹಿಡಿದು ಎತ್ತುವುದನ್ನು ಕಲಿಸಿದ್ದಾರೆ.